ದಕ್ಷಿಣ ಮುಖದ ಮೂವತ್ತೆಂಟು ಕಿಟಕಿ

ಟಾರ್ಲೆ ಹಾಲ್‌ನ ದಕ್ಷಿಣ ಮುಖಕ್ಕೆ ಮೂವತ್ತೆಂಟು ಕಿಟಕಿಗಳು. ಮೇಲಿನ ಎರಡು ಅಂತಸ್ತಿಗೆ ಹದಿಮೂರು ಹದಿಮೂರು. ಕೆಳಗೆ ಒಂದರ ಜಾಗವನ್ನು ಹೆಬ್ಬಾಗಿಲು ತಿಂದದ್ದರಿಂದ ಹನ್ನೆರಡು. ಮಿಸೆಸ್ ಪಾರ್ಡೋ ಇದನ್ನು ಎಣಿಸಿ ಕಲಿತವಳಲ್ಲ, ಒರೆಸಿ ಕಲಿತವಳು. ಹದಿನಾಲ್ಕನೇ ವಯಸ್ಸಿನಲ್ಲಿ ಹಿಂಬಾಗಿಲಿನಿಂದ ಕೆಲಸಕ್ಕೆ ಬಂದು ಸೇರಿದಾಗ ಅವಳು ಬರೀ ಹನ್ನಾ. ಮುಂದೆ ಮನೆಯ ಮೇಲ್ವಿಚಾರಣೆ ಸಿಕ್ಕಿ, ಬೀಗದ ಕೈಗೊಂಚಲು ಸೊಂಟಕ್ಕೆ ಬಂದಾಗ 'ಮಿಸೆಸ್' ಆದಳು. ಮದುವೆಯೇನೂ ಆಗಿರಲಿಲ್ಲ. ದೊಡ್ಡ ಮನೆಗಳಲ್ಲಿ ಆ ಹುದ್ದೆಯವಳನ್ನು ಹಾಗೆ ಕರೆಯುವುದೇ ಪದ್ಧತಿ, ಗಂಡ ಇರಲಿ ಬಿಡಲಿ. ಗಂಡ ಇದ್ದಿದ್ದರೆ ಅವನನ್ನೂ ದಿನಕ್ಕೆರಡು ಸಲ ಒರೆಸಿ ಇಡುತ್ತಿದ್ದಳು ಎಂದು ತೋಟದ ಬೆಬ್ ಹೇಳುತ್ತಿದ್ದ, ಅವಳಿಗೆ ಕೇಳಿಸದಷ್ಟು ದೂರದಲ್ಲಿ ನಿಂತು.

ಅಂಥ ಮನೆಯನ್ನು ಬರುವ ಸೋಮವಾರ ಕೆಡವಲಿದ್ದರು. ಯುದ್ಧದ ಕಾಲದಲ್ಲಿ ಐದು ವರ್ಷ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರು. ಅವರು ಹೋದಮೇಲೆ ಮಾಡು ಸೋರಿತು, ತೊಲೆಗಳಿಗೆ ಬೂಷ್ಟು ಹಿಡಿಯಿತು. ಸರ್ ಜೋಸ್ಲಿನ್ ಎಂಟು ವರ್ಷ ಪಟ್ಟು ಬಿಡದೆ ಗುದ್ದಾಡಿ ಕೊನೆಗೆ ಕೈಚೆಲ್ಲಿದ್ದರು. ಈಗ ಕುದುರೆ ಲಾಯದ ಮೇಲಿನ ನಾಲ್ಕು ಕೋಣೆಗಳಲ್ಲಿ ಅವರ ವಾಸ. ಅಡುಗೆ, ಒಗೆತ, ಬೂಟು ಎಲ್ಲ ಮಿಸೆಸ್ ಪಾರ್ಡೋ. ಶ್ರಾಪ್‌ಶೈರ್ ಜಿಲ್ಲೆಯಲ್ಲಿ ಆ ವರ್ಷ ಉರುಳಲಿದ್ದ ನಾಲ್ಕನೆಯ ಮನೆ ಇದು. ಉಳಿದ ಮೂರೂ ಮನೆಗಳವರು ಪಾತ್ರೆ ಪಗಡ ಮಾರಿ ಸುಮ್ಮನಾದರು. ಸರ್ ಜೋಸ್ಲಿನ್ ಮಾತ್ರ ಒಬ್ಬ ಚಿತ್ರಕಾರನನ್ನು ಕರೆಸಿದರು.

ಚಿತ್ರಕಾರನ ಹೆಸರು ಫೆನ್. ಉದ್ದ ಕಾಲಿನ, ಕಡಿಮೆ ಮಾತಿನ ಮನುಷ್ಯ. ದಿನವೂ ಮಧ್ಯಾಹ್ನ ಮೂರಕ್ಕೆ ಬಂದು ಹುಲ್ಲುಹಾಸಿನ ನಡುವೆ ಸೂರ್ಯಗಡಿಯಾರದ ಪಕ್ಕ ಚಿತ್ರದ ಚೌಕಟ್ಟು ನಿಲ್ಲಿಸಿಕೊಳ್ಳುತ್ತಿದ್ದ, ಐದೂವರೆಗೆ ಕುಂಚ ತೊಳೆಯುತ್ತಿದ್ದ. ಆ ಹೊತ್ತಿನ ಬಿಸಿಲು ಮಾತ್ರ ಅವನಿಗೆ ಬೇಕಿತ್ತಂತೆ. ಎರಡನೇ ವಾರದ ಸೋಮವಾರ ಮಿಸೆಸ್ ಪಾರ್ಡೋ ಅವನಿಗೆ ಚಹಾ ಮತ್ತು ಶಾಜೀರಿಗೆಯ ಕೇಕ್ ತೆಗೆದುಕೊಂಡು ಹೋದಳು.

"ನೋಡಬಹುದು, ಮಿಸೆಸ್ ಪಾರ್ಡೋ. ಕಚ್ಚಲ್ಲ," ಎಂದ ಫೆನ್, ಅವಳು ಚೌಕಟ್ಟಿನ ಬೆನ್ನನ್ನೇ ನೋಡುತ್ತ ನಿಂತದ್ದು ಕಂಡು.

ಅವಳು ಸುತ್ತಿಬಂದು ನೋಡಿದಳು. ಮೊದಲ ನೋಟಕ್ಕೇ ಎದೆ ಉಬ್ಬಿತು. ಆಕಾಶ ಅವಳ ಆಕಾಶವೇ. ಪಡುವಣದ ಓಕ್ ಮರ ಅದೇ, ಸಿಡಿಲು ಬಡಿದ ಕೊಂಬೆ ಸಮೇತ. ಸಂಜೆ ಬಿಸಿಲಿಗೆ ಗೋಡೆಯ ಕಲ್ಲು ಜೇನಿನ ಬಣ್ಣಕ್ಕೆ ತಿರುಗುತ್ತದಲ್ಲ, ಅದನ್ನು ಈ ಉದ್ದಕಾಲಿನವನು ಹೇಗೋ ಹಿಡಿದುಬಿಟ್ಟಿದ್ದ. ಆಮೇಲೆ ಅವಳ ಕಣ್ಣು ಕಿಟಕಿಗಳಿಗೆ ಹೋಯಿತು. ಅಲ್ಲೇ ನಿಂತಿತು.

ಕಿಟಕಿಗಳನ್ನು ಅವನಿನ್ನೂ ತೆಳುವಾಗಿ ಗುರುತು ಹಾಕಿಕೊಂಡಿದ್ದ ಅಷ್ಟೆ. ಆದರೂ ಸಾಕಷ್ಟು ಕಾಣುತ್ತಿತ್ತು. ಒಂದರ ಸುರುಳಿ ಪರದೆ ಪೂರ್ತಿ ಕೆಳಗೆ, ಇನ್ನೊಂದರದ್ದು ಮುಕ್ಕಾಲು ಮೇಲೆ, ಮತ್ತೊಂದು ಓರೆಯಾಗಿ ಜೋತುಬಿದ್ದಿದೆ, ಕೆಲವಕ್ಕೆ ಪರದೆಯೇ ಇಲ್ಲ. ಇಡೀ ಮನೆ ಹಲ್ಲುದುರಿದ ಬಾಯಿಯ ಹಾಗೆ ಕಾಣುತ್ತಿತ್ತು.

"ಇದು ಟಾರ್ಲೆ ಅಲ್ಲ," ಎಂದಳು.

"ಅಲ್ವಾ? ಎದುರಿಗೇ ಇದೆಯಲ್ಲ, ತಿರುಗಿ ನೋಡಿ."

ಅವಳು ತಿರುಗಿ ನೋಡಿದಳು. ಸೈನಿಕರು ಬಂದಾಗಿನಿಂದ ಅವಳು ಈ ಹುಲ್ಲುಹಾಸಿನ ಮೇಲೆ ನಿಂತಿರಲಿಲ್ಲ. ಲಾಯದಿಂದ ಹಿಂಬಾಗಿಲು, ಹಿಂಬಾಗಿಲಿನಿಂದ ಲಾಯ, ಇಷ್ಟೇ ಅವಳ ದಾರಿ. ಚಿತ್ರ ಸುಳ್ಳು ಹೇಳುತ್ತಿರಲಿಲ್ಲ. ಅವಳ ಮುಖಕ್ಕೆ ಯಾರೋ ಹೊಡೆದ ಹಾಗಾಯಿತು.

"ಪರದೆಗಳನ್ನ ನೆಟ್ಟಗೆ ಬರೆದ್ರೆ ನಿಮ್ಮ ಗಂಟೇನು ಹೋಗುತ್ತೆ?" ಎಂದು ಕೇಳಿದಳು.

"ಗಂಟೇನೂ ಹೋಗಲ್ಲ. ಆದ್ರೆ ಕಂಡದ್ದನ್ನ ಬರೆಯೋನು ನಾನು. ಸರ್ ಜೋಸ್ಲಿನ್ ಕೂಡ ಅದನ್ನೇ ಹೇಳಿದ್ರು. ಇದ್ದ ಹಾಗೆ ಬರಿ, ಸಿಂಗಾರ ಬೇಡ ಅಂತ."

"ಸಮ ಇದ್ದಿದ್ರೆ?"

"ಸಮ ಇದ್ರೆ ಸಮ ಬರೀತೀನಿ." ಫೆನ್ ಕೇಕ್ ಮುರಿದುಕೊಂಡ. "ಕಿಟಕಿಗಳನ್ನ ಕೊನೆಗೆ ಮುಗಿಸೋದು ನಾನು. ಶುಕ್ರವಾರ. ಆವತ್ತು ಮೂರರಿಂದ ಐದೂವರೆ ಒಳಗೆ ಏನು ಕಾಣುತ್ತೋ ಅದು."

"ಶುಕ್ರವಾರ ನೆಟ್ಟಗಿರುತ್ತೆ," ಎಂದು ಮಿಸೆಸ್ ಪಾರ್ಡೋ ತಟ್ಟೆಯನ್ನೂ ಬಿಟ್ಟು ಹೊರಟಳು.

ಪರದೆ ಒಂದಿಷ್ಟು ಓರೆಯಾದರೆ ಆಕಾಶ ಬೀಳುತ್ತದೆಯೇ ಎಂದು ನೀವು ಕೇಳಬಹುದು. ಟಾರ್ಲೆಯಲ್ಲಿ ಬೀಳುತ್ತಿತ್ತು. ಹಳೆಯ ಮೇಲ್ವಿಚಾರಕಿ ಮಿಸೆಸ್ ಓರೆಲ್ ಕಾಲದಲ್ಲಿ ಬೇಸಿಗೆಯ ದಿನ ಹನ್ನೆರಡು ಹೊಡೆಯುತ್ತಿದ್ದಂತೆ ಆರು ಹುಡುಗಿಯರು ಮೂರು ಅಂತಸ್ತಿಗೂ ಓಡಿ, ದಕ್ಷಿಣದ ಅಷ್ಟೂ ಸುರುಳಿ ಪರದೆಗಳನ್ನು ಇಳಿಸಬೇಕು. ಎಲ್ಲಿಯವರೆಗೆ? ಕಿಟಕಿಯ ಮೇಲಿನ ಅರ್ಧ ಕೆಳಗಿನ ಅರ್ಧವನ್ನು ಕೂಡುವ ನಡುಪಟ್ಟಿಯವರೆಗೆ. ಒಂದು ಬೆರಳು ಮೇಲಲ್ಲ, ಒಂದು ಬೆರಳು ಕೆಳಗಲ್ಲ. ಒಳಗಿನ ಕುರ್ಚಿಗಳ ರೇಷ್ಮೆ ಬಿಸಿಲಿಗೆ ಮಾಸದಿರಲಿ ಎಂಬುದು ನೆಪ. ಹುಲ್ಲುಹಾಸಿನಿಂದ ನೋಡಿದವರಿಗೆ ಮೂವತ್ತೆಂಟು ಕಿಟಕಿಗಳೂ ಒಂದೇ ರೆಪ್ಪೆಯನ್ನು ಅರ್ಧ ಮುಚ್ಚಿದಂತೆ ಕಾಣಬೇಕು ಎಂಬುದು ಅಸಲು ಸಂಗತಿ.

ಸರಿಯಾಗಿದೆಯೋ ಇಲ್ಲವೋ ನೋಡಲು ಒಬ್ಬಳು ಹುಡುಗಿಯನ್ನು ಸೂರ್ಯಗಡಿಯಾರದ ಹತ್ತಿರ ಕಳಿಸುತ್ತಿದ್ದರು. ಕೆಲಸದವರಿಗೆ ಆ ಹುಲ್ಲಿನ ಮೇಲೆ ಕಾಲಿಡಲು ಅಪ್ಪಣೆಯಿದ್ದದ್ದು ಆ ಮೂರು ನಿಮಿಷ ಮಾತ್ರ. ಹನ್ನಾಗೆ ಹದಿನೈದು ತುಂಬಿದಾಗ ಅವಳ ಸರದಿ ಬಂತು. ಒಂದು ವರ್ಷ ಆ ಮನೆಯ ಹೊಟ್ಟೆಯೊಳಗೇ ತೆವಳಾಡಿದವಳು ಅದರ ಮುಖವನ್ನು ಅಂದೇ ಮೊದಲು ನೋಡಿದ್ದು. ಕಣ್ಣೆದುರು ಪರದೆಗಳು ಒಂದೊಂದಾಗಿ ಇಳಿದು ಸಾಲಾಗಿ ನಿಂತವು. ಆ ಸಾಲಿನಲ್ಲಿ ಅವಳೇ ಬೆಳಿಗ್ಗೆ ಒರೆಸಿದ ಕಿಟಕಿಗಳು ನಾಲ್ಕಿದ್ದವು. ಅಷ್ಟು ದೊಡ್ಡದರಲ್ಲಿ ತನ್ನದೂ ಒಂದು ಪಾಲಿದೆ ಎಂದು ಅವಳಿಗೆ ಅನ್ನಿಸಿತ್ತು. ಆ ಹೆಮ್ಮೆ ನಲವತ್ತೇಳು ವರ್ಷವಾದರೂ ಅವಳಲ್ಲಿ ಹಳತಾಗಿರಲಿಲ್ಲ.

ಇನ್ನೊಂದು ನಿಯಮವೂ ಇತ್ತು. ಕೆಲಸದವರ ಕೂದಲೆಳೆಯೂ ದಕ್ಷಿಣದ ಕಿಟಕಿಯಲ್ಲಿ ಹೊರಗಿನವರಿಗೆ ಕಾಣಬಾರದು. ಡಾರ್ಕಸ್ ಎಂಬ ಹುಡುಗಿ ಒಂದು ಮಧ್ಯಾಹ್ನ ಇಣುಕಿ ನೋಡಿದ್ದಕ್ಕೆ ಸಂಜೆಯೊಳಗೆ ಪೆಟ್ಟಿಗೆ ಕಟ್ಟಿದ್ದಳು. ಪರದೆ ತಾನಾಗಿ ಇಳಿಯಬೇಕು, ತಾನಾಗಿ ಏರಬೇಕು.

ಮಿಸೆಸ್ ಪಾರ್ಡೋ ಹಿತ್ತಲಿಗೆ ಬಂದಾಗ ಬೆಬ್ ಗೋಡೆಗೆ ಒರಗಿ ಪೈಪು ತುಂಬುತ್ತಿದ್ದ. ಅವಳು ಕೆಲಸಕ್ಕೆ ಸೇರಿದ ವರ್ಷವೇ ಅವನೂ ತೋಟಕ್ಕೆ ಸೇರಿದವನು. ಒಳಗಿನವರಿಗೂ ಹೊರಗಿನವರಿಗೂ ಹಾವು ಮುಂಗುಸಿಯ ಸಂಬಂಧ. ಇವರಿಬ್ಬರದು ಅದರಲ್ಲೂ ಒಂದು ಕೈ ಮೇಲೆ. ಮಣ್ಣಿನ ಬೂಟಿನ ಬೆಬ್ ತನ್ನ ಜೀವಮಾನದಲ್ಲಿ ಹಿಂಬಾಗಿಲ ಕಾಲೊರಸಿನಿಂದ ಆಚೆಗೆ ಹೋದವನಲ್ಲ. ಹೋಗಲು ಅವಳು ಬಿಟ್ಟಿರಲಿಲ್ಲ.

"ಬೆಬ್, ಶುಕ್ರವಾರದವರೆಗೆ ದಿನಾ ಮಧ್ಯಾಹ್ನ ನೀನು ನನಗೆ ಬೇಕು," ಎಂದಳು.

"ಅರವತ್ತೆರಡು ವಯಸ್ಸಿಗಾದ್ರೂ ಬಾಯಿಬಿಟ್ಟು ಹೇಳಿದ್ರಲ್ಲ ಅಮ್ಮಾವ್ರು."

"ಬಾಯಿ ಮುಚ್ಚು. ಸೂರ್ಯಗಡಿಯಾರದ ಹತ್ರ ನಿಂತು ಪರದೆ ನೋಡ್ಬೇಕು. ಮೇಲಕ್ಕೆಳೀಬೇಕಾದ್ರೆ ಟೋಪಿ ಮೇಲಕ್ಕೆತ್ತು. ಇಳಿಸ್ಬೇಕಾದ್ರೆ ಕೆಳಗೆ ಹಿಡಿ. ಸರಿಯಾದ್ರೆ ತಲೆ ಮೇಲಿಟ್ಕೋ."

ಬೆಬ್ ಪೈಪು ಬಾಯಿಂದ ತೆಗೆದ. "ಸೋಮವಾರ ಕೆಡವೋ ಮನೆಗೆ ಶುಕ್ರವಾರ ಪರದೆ ಕಟ್ತೀರಾ?"

"ಕೆಡವೋದು ಕಲ್ಲನ್ನ. ಚಿತ್ರ ಉಳಿಯುತ್ತೆ. ನೂರು ವರ್ಷ ಆದ್ಮೇಲೆ ಯಾರೋ ಅದನ್ನ ನೋಡಿ, ಈ ಮನೇಲಿ ಯಾರೋ ಸೋಮಾರಿ ಹೆಂಗಸು ಇದ್ಲು ಅನ್ನಬೇಕಾ?"

ಬೆಬ್ ಹುಲ್ಲುಹಾಸಿನ ಕಡೆ ನೋಡಿದ. ಅವನ ಮುಖ ಸಪ್ಪಗಾಯಿತು.

"ಅಂಗಾದ್ರೆ ಹುಲ್ಲು? ನಿಮ್ಮ ಪರದೆ ನೆಟ್ಟಗಿದ್ದು ನನ್ನ ಹುಲ್ಲು ಮೊಲ ಸಂಸಾರ ಹೂಡೋ ಅಂಗಿದ್ರೆ? ಒಳಗಿನೋರು ಮಾತ್ರ ಕೆಲಸ ಮಾಡಿದ್ರು, ಹೊರಗಿನೋರು ನಿದ್ದೆ ಹೊಡೆದ್ರು ಅನ್ನಲ್ವಾ?" ಎಂದು ಪೈಪನ್ನು ಜೇಬಿಗೆ ತುರುಕಿ, ಕುಡುಗೋಲು ಮಸೆಯಲು ಹೊರಟೇಹೋದ.

ಮಂಗಳವಾರ ಅವಳು ಕೆಳಗಿನ ಅಂತಸ್ತು ಹಿಡಿದಳು. ಸಾಮಾನೆಲ್ಲ ಹರಾಜಾಗಿ ಹೋಗಿತ್ತು. ಕೋಣೆಗಳಲ್ಲಿ ಅವಳ ಹೆಜ್ಜೆಯೇ ಅವಳಿಗೆ ಎರಡೆರಡು ಸಲ ಕೇಳುತ್ತಿತ್ತು. ಪರದೆಗಳ ಹಗ್ಗಗಳಿಗೆ ಸೈನಿಕರು ಹಾಕಿದ ಗಂಟುಗಳನ್ನು ಬಿಡಿಸಲು ಅವಳ ಉಗುರು ಸಾಲದೆ ಫೋರ್ಕಿನ ಹಲ್ಲು ಬೇಕಾಯಿತು. ಊಟದ ಮನೆಯ ಪರದೆಯೊಂದರ ಮೇಲೆ ಯಾವನೋ ಪುಣ್ಯಾತ್ಮ ಹಡಗಿನ ಚಿತ್ರ ಗೀಚಿದ್ದ. ಅದನ್ನು ತಿರುಗಿಸಿ ಕಟ್ಟಿದಳು. ಎರಡೂವರೆಗೆ ಹನ್ನೆರಡೂ ನಡುಪಟ್ಟಿಗೆ ಬಂದವು. ಆಚೆ ಕುಡುಗೋಲು ಹಿಡಿದು ನಿಂತಿದ್ದ ಬೆಬ್ ಟೋಪಿಯನ್ನು ತಲೆಯ ಮೇಲಿಟ್ಟುಕೊಂಡ.

ಬುಧವಾರ ನಡು ಅಂತಸ್ತು. ಅಲ್ಲಿ ಸಂಕಟ ಎದುರಾಯಿತು. ಅಲ್ಲಿ ಐದು, ಮೇಲೆ ನಾಲ್ಕು, ಒಟ್ಟು ಒಂಬತ್ತು ಕಿಟಕಿಗಳಿಗೆ ಪರದೆಯ ಬಟ್ಟೆಯೇ ಇರಲಿಲ್ಲ, ಬರೀ ಮರದ ಉರುಳೆ. ಮನೆಯ ಬಟ್ಟೆಬರೆಯೆಲ್ಲ ಹರಾಜಿನಲ್ಲಿ ಹೋಗಿತ್ತು. ಮಿಸೆಸ್ ಪಾರ್ಡೋ ಲಾಯದ ಮೇಲಿನ ತನ್ನ ಕೋಣೆಗೆ ಹೋಗಿ ಪೆಟ್ಟಿಗೆ ತೆಗೆದಳು. ಅವಳು ಕೆಲಸಕ್ಕೆ ಬಂದು ಮೂವತ್ತು ವರ್ಷವಾದಾಗ ದೊಡ್ಡಮ್ಮನವರು, ಅಂದರೆ ಸರ್ ಜೋಸ್ಲಿನ್ ಅವರ ತಾಯಿ, ತಮ್ಮ ಕೈಯಾರೆ ಕೊಟ್ಟ ಲಿನನ್ ನಾರಿನ ಹಾಸಿಗೆ ಬಟ್ಟೆ ನಾಲ್ಕು ಅದರಲ್ಲಿದ್ದವು. ಅಂಚಿಗೆ ಅವಳ ಹೆಸರಿನ ಅಕ್ಷರ ಹೆಣೆದಿತ್ತು. ಅವುಗಳ ಮೇಲೆ ಮಲಗುವ ಧೈರ್ಯ ಅವಳಿಗೆ ಒಂದು ದಿನವೂ ಬಂದಿರಲಿಲ್ಲ.

ಕತ್ತರಿ ಹಿಡಿದು ಅವಳು ಸುಮಾರು ಹೊತ್ತು ಕೂತಳು. ಆಮೇಲೆ ಕತ್ತರಿಸಿದಳು. ಅರ್ಧ ಕಿಟಕಿಯ ಅಳತೆಗೆ ಒಂಬತ್ತು ತುಂಡು, ತೆಳುವಾದ ಚಹಾದ ನೀರಿನಲ್ಲಿ ಅದ್ದಿ ತೆಗೆದದ್ದರಿಂದ ಹಳೆಯವುಗಳ ಬಣ್ಣಕ್ಕೇ ಬಂದವು. ಗುರುವಾರ ಬೆಳಗಿನಿಂದ ಮಧ್ಯಾಹ್ನದವರೆಗೆ ಏಣಿ ಹತ್ತಿ ಇಳಿದು, ಬಾಯಿತುಂಬ ಮೊಳೆ ಕಚ್ಚಿಕೊಂಡು ಉರುಳೆಗಳಿಗೆ ಬಡಿದಳು. ಅಂದು ರಾತ್ರಿಯೂಟಕ್ಕೆ ಸರ್ ಜೋಸ್ಲಿನ್‌ಗೆ ತಣ್ಣನೆಯ ಮಾಂಸ ಸಿಕ್ಕಿತು. ಯಾಕೆಂದು ಅವರು ಕೇಳಲಿಲ್ಲ. ಜೀವಮಾನದಲ್ಲಿ ಅವರು ಯಾಕೆಂದು ಕೇಳಿದವರಲ್ಲ.

ಶುಕ್ರವಾರ ಎರಡೂವರೆ. ಬೆಬ್ ಸೂರ್ಯಗಡಿಯಾರದ ಹತ್ತಿರ ನಿಂತು ಒಂದೊಂದೇ ಕಿಟಕಿಯನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದ. ಟೋಪಿ ಮೇಲೆ. ಟೋಪಿ ಕೆಳಗೆ. ಇನ್ನೂ ಒಂದೆಳೆ ಕೆಳಗೆ. ಕೊನೆಗೆ ಟೋಪಿ ತಲೆಗೇರಿತು. ಮೂವತ್ತೆಂಟು. ಅವನ ಕಾಲ ಕೆಳಗೆ ಹುಲ್ಲು, ಕುಡುಗೋಲಿನಲ್ಲಿ ಕೊಯ್ದದ್ದೆಂದು ಯಾರೂ ಹೇಳಲಾಗದಷ್ಟು ನುಣ್ಣಗಿತ್ತು. ಅದನ್ನು ಅವಳು ಮೆಚ್ಚಿ ಒಂದು ಮಾತು ಆಡಬಹುದಿತ್ತು. ಆಡಲಿಲ್ಲ, ಆದರೆ ಅವನಿಗೆ ಕೇಕಿನ ದೊಡ್ಡ ತುಂಡು ಎತ್ತಿಟ್ಟಳು.

ಫೆನ್ ಮೂರಕ್ಕೆ ಬಂದ. ಮನೆಯನ್ನು ನೋಡಿದ. ಸಣ್ಣ ಕುಂಚ ತೆಗೆದ.

ಮೂರೂ ಹತ್ತಕ್ಕೆ ಮಿಸೆಸ್ ಪಾರ್ಡೋ ಅಡುಗೆಮನೆಯಲ್ಲಿ ಕೆಟಲ್ ಇಡುತ್ತಿದ್ದಾಗ ಬೆಬ್ ಹಿತ್ತಲ ಕಿಟಕಿಗೆ ಮುಖವಿಟ್ಟು ಟೋಪಿಯನ್ನು ಬಾವಿಯ ಕೊಡದ ಹಾಗೆ ಮೇಲೆ ಕೆಳಗೆ ಆಡಿಸಿದ.

"ಮ್ಯಾಲಿನ ಸಾಲು. ಮೂಡಣದಿಂದ ಮೂರನೇದು. ಅಂಗೇ ಹಾರ್ಕೊಂಡು ಮ್ಯಾಲಕ್ಕೋಯ್ತು."

ಅದು ಕೂಸುಗಳು ಮಲಗುವ ಕೋಣೆ. ಸರ್ ಜೋಸ್ಲಿನ್ ಹುಟ್ಟಿದ ವರ್ಷ ಅತ್ತದ್ದು ಅಲ್ಲೇ. ಎಪ್ಪತ್ತನಾಲ್ಕು ಮೆಟ್ಟಿಲು. ಅವಳು ಎಲ್ಲೂ ನಿಲ್ಲದೆ ಹತ್ತಿದಳು, ಹತ್ತಿದಮೇಲೆ ಬಾಗಿಲ ಚೌಕಟ್ಟು ಹಿಡಿದು ಉಸಿರು ಹುಡುಕಿದಳು. ಆಮೇಲೆ ಬಗ್ಗಿಕೊಂಡೇ ಕಿಟಕಿಯ ಪಕ್ಕಕ್ಕೆ ಸರಿದು, ಪರದೆಯ ಹಗ್ಗ ಹಿಡಿದು ಇಳಿಸಿದಳು. ಬಿಟ್ಟಳು. ಗರ್ರನೆ ಮೇಲಕ್ಕೋಡಿತು. ಉರುಳೆಯೊಳಗೆ ಸ್ಪ್ರಿಂಗನ್ನು ತಡೆಯುವ ಹಲ್ಲು ಮುರಿದುಹೋಗಿತ್ತು. ಇನ್ನೊಮ್ಮೆ ಇಳಿಸಿದಳು. ಗರ್ರ್. ಮತ್ತೊಮ್ಮೆ ಎಳೆದಾಗ ಹಗ್ಗವೇ ಕೈಗೆ ಬಂತು. ಹೊರಗಿನಿಂದ ನೋಡಿದರೆ ಮನೆ ಕಣ್ಣು ಹೊಡೆಯುತ್ತಿದೆ ಎಂದುಕೊಳ್ಳಬೇಕು.

ಮೊಳೆ ಕೆಳಗೆ ಉಳಿದಿತ್ತು. ಮೊಳೆಯಿದ್ದರೂ ಕಿಟಕಿಯ ಮರ ನೆನೆದ ಬ್ರೆಡ್ಡಿನಂತೆ ಬೆರಳಿಗೇ ಪುಡಿಯಾಗುತ್ತಿತ್ತು. ಕೋಣೆಯಲ್ಲಿ ಕಡ್ಡಿ ಎಂದರೆ ಕಡ್ಡಿಯಿಲ್ಲ. ಕೆಳಗೆ ಹೋಗಿ ಏನಾದರೂ ತಂದು ಮತ್ತೆ ಹತ್ತುವ ಹೊತ್ತಿಗೆ ಆ ಉದ್ದಕಾಲಿನವನ ಕುಂಚ ಈ ಕಿಟಕಿಗೆ ಬಂದಿದ್ದರೆ? ಅವಳು ಗೋಡೆಗೂ ಕಿಟಕಿಯ ಮಡಚಿದ ಮರದ ಬಾಗಿಲಿಗೂ ನಡುವಿನ ಸಂದಿಗೆ ಬೆನ್ನು ಸೇರಿಸಿ ನಿಂತಳು. ತೋಳು ಚಾಚಿ, ಪರದೆಯ ಕೆಳಗಿನ ಪಟ್ಟಿಯ ಮೂಲೆಯನ್ನು ಎರಡೇ ಬೆರಳಲ್ಲಿ ಹಿಡಿದು ನಡುಪಟ್ಟಿಗೆ ಸರಿಯಾಗಿ ಇಳಿಸಿದಳು. ಹಿಡಿದೇ ನಿಂತಳು.

ಹತ್ತು ನಿಮಿಷ ಏನೂ ಅನ್ನಿಸಲಿಲ್ಲ. ಇಪ್ಪತ್ತಕ್ಕೆ ಭುಜ ಮಾತಾಡತೊಡಗಿತು. ಅರ್ಧ ಗಂಟೆಗೆ ಬೈಯತೊಡಗಿತು. ಕೈ ಬದಲಾಯಿಸಬೇಕೆಂದರೆ ಕಿಟಕಿಯ ಎದುರಿಗೆ ಬರಬೇಕು, ಮಿಸೆಸ್ ಓರೆಲ್ ಸತ್ತು ಮೂವತ್ತು ವರ್ಷವಾಗಿದ್ದರೂ ಅದು ಆಗದ ಮಾತು. ಮನೆಗೆ ಸೋಮವಾರ ಹೇಗೂ ಸಾವು ಇದೆ. ಆದರೆ ಮುಖ ತೊಳೆದು, ತಲೆ ಬಾಚಿ ಕಳಿಸಿಕೊಡುವುದು ತನ್ನ ಕೈಲಿದೆ ಎಂದುಕೊಂಡಳು. ಅದಕ್ಕೆ ಇನ್ನು ಯಾರೂ ಇಲ್ಲ, ತಾನೊಬ್ಬಳೇ. ಹಾಗೆ ಅಂದುಕೊಂಡಾಗ ದುಃಖವಾಗಬೇಕಿತ್ತು. ಅವಳಿಗೆ ಹೆಮ್ಮೆಯಾಯಿತು.

ನಾಲ್ಕು ಹೊಡೆದಮೇಲೆ ಮೆಟ್ಟಿಲ ಮೇಲೆ ಮೆತ್ತಗಿನ ಸದ್ದು ಕೇಳಿತು. ಬಾಗಿಲಲ್ಲಿ ಬೆಬ್ ನಿಂತಿದ್ದ, ಕಾಲುಚೀಲದಲ್ಲಿ. ಒಂದರ ಹೆಬ್ಬೆರಳು ಹೊರಗೆ ಬಂದಿತ್ತು. ಅವನು ಮೊದಲು ಸೂರನ್ನು ನೋಡಿದ, ಗೋಡೆಯ ಮಾಸಿದ ಹೂಬಳ್ಳಿಯನ್ನು ನೋಡಿದ. ನಲವತ್ತೆಂಟು ವರ್ಷ ಹೊರಗಿನಿಂದ ಕಂಡ ಕಿಟಕಿಯ ಒಳಗೆ ಏನಿದೆ ಎಂಬುದು ಅವನಿಗೆ ಈಗ ಗೊತ್ತಾಯಿತು.

"ಬೂಟು ಕೆಳಗೇ ಬಿಟ್ಟಿವ್ನಿ. ಬೈಬ್ಯಾಡಿ," ಎಂದ. "ಚಾ ತರಲಿಲ್ಲ, ನೀವು ಕಾಣಲಿಲ್ಲ. ಆ ಪರದೆ ಮಾತ್ರ ಅಲ್ಲಾಡದಂಗೆ ನಿಂತೈತೆ. ಏನೋ ಅನುಮಾನ ಬಂತು."

"ತಗ್ಗು. ತಗ್ಗಿಕೊಂಡು ಬಾ. ಕಿಟಕಿಗೆ ಕಾಣಿಸ್ಕೋಬೇಡ."

ಬೆಬ್ ತಗ್ಗಿಕೊಂಡು ಬಂದ. ಅವಳ ಮುಖ ಬೆಳ್ಳಗಾಗಿದ್ದುದನ್ನೂ ತೋಳು ನಡುಗುವುದನ್ನೂ ನೋಡಿದ. ಜೇಬಿಗೆ ಕೈ ಹಾಕಿ ಬಳ್ಳಿ ಕಟ್ಟುವ ಸಣಬಿನ ಹುರಿ ತೆಗೆದ. ತೋಟದವನ ಜೇಬಿನಲ್ಲಿ ಅದು ಇಲ್ಲದ ದಿನವಿಲ್ಲ.

"ಬಿಡಿ ಅತ್ಲಾಗೆ. ಇದರಲ್ಲಿ ಕಟ್ಟಿ ಆ ಚಳಿ ಕಾಯೋ ಕಬ್ಬಿಣದ ಒಲೆಗೆ ಬಿಗಿದ್ರೆ ಆಯ್ತು. ಒಂದು ನಿಮಿಷದ ಕೆಲಸ."

"ಆ ಒಂದು ನಿಮಿಷ ಪರದೆ ಅಲ್ಲಾಡುತ್ತೆ."

"ಅಲ್ಲಾಡಲಿ."

"ಆ ಮನುಷ್ಯ ಈಗ ಈ ಸಾಲಲ್ಲೇ ಇರಬಹುದು. ಆಗೋದಿಲ್ಲ."

"ಹನ್ನಾ, ನಿನಗೆ ಹುಚ್ಚು," ಎಂದ ಬೆಬ್. ಆ ಹೆಸರು ಹಿಡಿದು ಅವನು ಕರೆದು ಇಪ್ಪತ್ತು ವರ್ಷವಾಗಿತ್ತು. ಇಬ್ಬರೂ ಅದನ್ನು ಗಮನಿಸಿದರು, ಇಬ್ಬರೂ ಗಮನಿಸದಂತಿದ್ದರು.

"ಇರಬಹುದು. ಕೂತ್ಕೋ, ಇಲ್ಲಾ ಹೋಗು."

ಅವನು ಹೋಗಲಿಲ್ಲ. ಗೋಡೆಗೆ ಅಂಟಿಕೊಂಡು ಅವಳ ಪಕ್ಕಕ್ಕೆ ಸರಿದು, ಮಂಡಿಯೂರಿ ಕೂತು, ತನ್ನ ಅಂಗೈಯನ್ನು ಅವಳ ಮೊಣಕೈ ಕೆಳಗೆ ಕೊಟ್ಟ. ಆ ಅಂಗೈಯ ಗೆರೆಗಳಲ್ಲಿ ಮಣ್ಣು ತುಂಬಿತ್ತು. ಅವಳ ತೋಳಿನ ಭಾರ ಅದರ ಮೇಲೆ ಕೂತಿತು. ಕಪ್ಪು ತೋಳಿನ ಬಟ್ಟೆಗೆ ಮಣ್ಣಾಗುವುದು ಅವಳಿಗೆ ಗೊತ್ತಿತ್ತು, ಆದರೂ ಸುಮ್ಮನಿದ್ದಳು.

"ನೀನು ಮೊದಲ್ನೇ ಸಲ ಹುಲ್ಲಿನ ಮ್ಯಾಲೆ ಬಂದಿದ್ದು ಗ್ಯಾಪಕ ಐತೆ ನಂಗೆ," ಎಂದ ಬೆಬ್. "ಪರದೆ ನೋಡೋಕೆ. ಬಾಯಿ ತೆಕ್ಕೊಂಡು ನಿಂತಿದ್ದೆ. ನಾನು ಗುಲಾಬಿ ಪಾತೀಲಿದ್ದೆ."

"ನೀನು ಗೊಬ್ಬರದ ಬುಟ್ಟಿ ಚೆಲ್ಲಿದ್ದೆ."

"ನೋಡ್ತಾ ಇದ್ನಲ್ಲ, ಅದಕ್ಕೇ ಚೆಲ್ತು."

ಲಾಯದ ಗಡಿಯಾರ ಐದು ಹೊಡೆಯಿತು. ಆಮೇಲಿನ ಅರ್ಧ ಗಂಟೆಯನ್ನು ಇಬ್ಬರೂ ಸೇರಿ ಹೊತ್ತರು. ಐದೂವರೆಯ ಗಂಟೆ ಬಿದ್ದಾಗ ಮಿಸೆಸ್ ಪಾರ್ಡೋ ಬೆರಳು ಬಿಟ್ಟಳು. ಪರದೆ ಗರ್ರೆಂದು ಮೇಲಕ್ಕೆ ಹಾರಿ ಉರುಳೆಯಲ್ಲಿ ಪಟಪಟ ಬಡಿಯಿತು. ಯಾಕೋ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಆಮೇಲೆ ಅವಳು ಅವನಿಗೆ, ಇಳಿಯುವಾಗ ಗೋಡೆ ಮುಟ್ಟಬೇಡ ಎಂದಳು.

ಶನಿವಾರ ಬೆಳಿಗ್ಗೆ ಫೆನ್ ಚಿತ್ರವನ್ನು ಲಾಯದ ಮೇಲಿನ ಕೂರುವ ಕೋಣೆಗೆ ತಂದು ಕುರ್ಚಿಯ ಮೇಲೆ ಒರಗಿಸಿಟ್ಟ. ಸರ್ ಜೋಸ್ಲಿನ್ ಕೈ ಬೆನ್ನಿಗೆ ಕಟ್ಟಿ ನಿಂತರು. ಎತ್ತರದ, ಬಾಗಿದ ಮುದುಕ. ಮಿಸೆಸ್ ಪಾರ್ಡೋ ಬಾಗಿಲ ಹತ್ತಿರ ಕೈ ಮಡಚಿ ನಿಂತಳು, ಬಲಗೈಯನ್ನು ಎಡಗೈ ಹೊತ್ತುಕೊಂಡಿತ್ತು. ಅವಳ ಹಿಂದೆ, ಮೆಟ್ಟಿಲ ತುದಿಯಲ್ಲಿ ಬೆಬ್, ಬೂಟು ಕಳಚಿದ್ದ.

ಚಿತ್ರದಲ್ಲಿ ಟಾರ್ಲೆ ನಿಂತಿತ್ತು. ಜೇನಿನ ಬಣ್ಣದ ಗೋಡೆ, ಬಾಚಿದಂಥ ಹುಲ್ಲು, ಮೂರು ಸಾಲು ಕಿಟಕಿಗಳು, ಪ್ರತಿ ಸಾಲಿಗೂ ದಾರ ಹಿಡಿದು ಎಳೆದ ಹಾಗೆ ಪರದೆಗಳ ಒಂದೇ ಗೆರೆ. ಅವಳು ಕೆಳಗಿನ ಸಾಲಿನಿಂದ ಒಂದೊಂದೇ ಓದಿಕೊಂಡು ಹೋದಳು. ಹನ್ನೆರಡು. ಹದಿಮೂರು. ಯಾವ ಮಹಾರಾಣಿ ಬಂದು ನೋಡಿದರೂ ಬೆರಳಿಟ್ಟು ತೋರಿಸಲು ಒಂದು ತಪ್ಪಿಲ್ಲ. ಅವಳು ಮತ್ತೆ ಹದಿನೈದರ ಹುಡುಗಿಯಾದಳು. ಆಮೇಲೆ ಮೇಲಿನ ಸಾಲು, ಮೂಡಣದಿಂದ ಮೊದಲನೆಯದು, ಎರಡನೆಯದು, ಮೂರನೆಯದು.

ಮೂರನೆಯ ಪರದೆಯ ಕೆಳ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಒಂದು ಚುಕ್ಕೆಯಿತ್ತು. ನಸುಗೆಂಪು.

ಸರ್ ಜೋಸ್ಲಿನ್ ಕೂಡ ಅಲ್ಲಿಗೇ ಬಂದಿದ್ದರು. ಕನ್ನಡಕ ಸರಿಮಾಡಿಕೊಂಡು ಮೂಗು ತಾಗುವಷ್ಟು ಬಗ್ಗಿದರು. "ಇದೇನು ಫೆನ್, ನಮ್ಮ ಕೂಸುಗಳ ಕೋಣೆ ಕಿಟಕೀಲಿ? ಗುಬ್ಬಿಯಾ?"

ಫೆನ್ ಮಿಸೆಸ್ ಪಾರ್ಡೋಳನ್ನು ನೋಡಿದ. ಆ ಪರದೆ ನಾಲ್ಕು ಸಲ ಏರಿ ಇಳಿದದ್ದನ್ನೂ, ಕೊನೆಗೆ ಇಳಿದದ್ದು ಮತ್ತೆ ಏರದೆ ನಿಂತದ್ದನ್ನೂ ಅವನು ಹುಲ್ಲಿನ ಮೇಲೆ ಕೂತು ನೋಡಿದ್ದ ಎಂಬುದು ಅವಳಿಗೆ ಆ ಕ್ಷಣ ತಿಳಿಯಿತು. ಕಂಡದ್ದನ್ನು ಬರೆಯುತ್ತೇನೆ ಎಂದಿದ್ದ, ಬರೆದಿದ್ದ. ಅವಳ ಕಿವಿ ಕಾದವು. ಟಾರ್ಲೆಯ ದಕ್ಷಿಣ ಮುಖದಲ್ಲಿ ಕೆಲಸದವಳು ಕಾಣಿಸಿಕೊಂಡಿದ್ದಳು, ಅದೂ ಅಳಿಯದ ಹಾಗೆ. ಗುಬ್ಬಿ ಎಂದುಬಿಟ್ಟರೆ ಮುಗಿಯಿತು. ಗುಬ್ಬಿ ಎನ್ನಲು ಬಾಯಿ ತೆರೆದಳು.

"ಕೈ, ಸರ್," ಎಂದಳು. "ನನ್ನ ಕೈ."

"ನಿಮ್ಮ ಕೈಯಾ?"

"ಪರದೆ ನಿಲ್ಲಲಿಲ್ಲ ಸರ್. ಹಿಡ್ಕೊಂಡಿದ್ದೆ."

"ಎಷ್ಟು ಹೊತ್ತು?"

"ಮಿಸ್ಟರ್ ಫೆನ್ ಮುಗಿಸೋವರೆಗೆ."

ಸರ್ ಜೋಸ್ಲಿನ್ ಚಿತ್ರದ ಕಡೆಗೆ ತಿರುಗಿದರು. ಬಹಳ ಹೊತ್ತು ನೋಡಿದರು, ಆ ಮೂರನೆಯ ಕಿಟಕಿಯನ್ನಲ್ಲ, ಮೂರು ಸಾಲುಗಳನ್ನೂ. "ನಾನು ಹುಡುಗನಾಗಿದ್ದಾಗಿಂದ ಇದು ಹೀಗೇ ಇರ್ತಿತ್ತು," ಎಂದರು ಕೊನೆಗೆ. "ಮನೇನೇ ಹಾಗೆ ಅಂದ್ಕೊಂಡಿದ್ದೆ. ತಾನಾಗೇ ಸಮ ಇರುತ್ತೆ ಅಂತ."

"ಹಾಗೇ ಅನ್ನಿಸ್ಬೇಕು ಸರ್. ಅದಕ್ಕೇ ನಾವಿದ್ದದ್ದು."

ಸರ್ ಜೋಸ್ಲಿನ್ ಮೂಗು ಒರೆಸಿಕೊಂಡರು. ಫೆನ್ ಜೇಬಿನಿಂದ ಶುಭ್ರವಾದ ಬಟ್ಟೆಯ ತುಂಡೊಂದನ್ನು ತೆಗೆದು ಅವಳಿಗೆ ಚಾಚಿದ. "ಬಣ್ಣ ಇನ್ನೂ ಹಸಿ, ಮಿಸೆಸ್ ಪಾರ್ಡೋ. ನಿಮಗೆ ಇಷ್ಟ ಇಲ್ಲದಿದ್ರೆ ಒಂದು ಸಲ ಒರೆಸಿ, ಹೋಗುತ್ತೆ. ನೀವೇ ಒರೆಸಿ."

ಅವಳು ಬಟ್ಟೆಯನ್ನು ಈಸಿಕೊಂಡಳು. ಕುರ್ಚಿಯ ಹತ್ತಿರ ಹೋದಳು. ನಲವತ್ತೆಂಟು ವರ್ಷ ಆ ಮೂವತ್ತೆಂಟು ಕಿಟಕಿಗಳನ್ನು ಒರೆಸಿದವಳು. ಒಂದು ನೊಣದ ಗುರುತು, ಒಂದು ಬೆರಳಚ್ಚು ಉಳಿಯಗೊಟ್ಟವಳಲ್ಲ. ಸಾಸಿವೆ ಕಾಳಿನಷ್ಟು ಚುಕ್ಕೆಯನ್ನು ಹತ್ತಿರದಿಂದ ನೋಡಿದಳು. ಎರಡು ಬೆರಳು ಬಿಡಿಬಿಡಿಯಾಗಿ ಕಂಡವು. ಅವಳು ಬಟ್ಟೆಯನ್ನು ನಾಲ್ಕಾಗಿ ಮಡಚಿ, ಅಂಚಿಗೆ ಅಂಚು ಸೇರಿಸಿ, ಫೆನ್‌ಗೆ ವಾಪಸು ಕೊಟ್ಟಳು.

"ಬೇಡ. ಅದು ಕೊಳೆಯಲ್ಲ," ಎಂದಳು.

ಅಷ್ಟರಲ್ಲಿ ಬೆಬ್ ಕಾಲುಚೀಲದಲ್ಲೇ ಕೋಣೆಯೊಳಗೆ ಬಂದಿದ್ದ. ಅವಳ ಹೆಗಲ ಮೇಲಿನಿಂದ ಕತ್ತು ಚಾಚಿ ಮೊದಲು ಹುಲ್ಲು ನೋಡಿ ತೃಪ್ತಿಪಟ್ಟ. ಆಮೇಲೆ ಮೇಲಿನ ಸಾಲಿಗೆ ಕಣ್ಣು ಹಾಕಿದ.

"ನನ್ನ ಕೈ ಎಲ್ಲೈತೆ ಮತ್ತೆ?" ಎಂದು ಕೇಳಿದ.

"ಗೋಡೆ ಹಿಂದೆ," ಎಂದಳು ಹನ್ನಾ ಪಾರ್ಡೋ, ಚಿತ್ರದಿಂದ ಕಣ್ಣು ತೆಗೆಯದೆ. "ನನ್ನ ಮೊಣಕೈ ಕೆಳಗೆ. ಅಲ್ಲೇ ಇದೆ."